ಏಳನೇ ನಂಬರಿನ ಬಿಲ್ಲೆ

ಅಂಕಯ್ಯನ ಹಲ್ಲಿಗೆ ಕಲ್ಲು ಸಿಕ್ಕಿ ಕಟಕ್ಕೆಂದಾಗ ಮನೆಯವರೆಲ್ಲ ಕೈ ತಡೆದು ಅವನ ಕಡೆ ನೋಡಿದರು. ಮುದುಕನ ಬಾಯಲ್ಲಿ ಉಳಿದಿದ್ದದ್ದೇ ಎಂಟೋ ಒಂಬತ್ತೋ ಹಲ್ಲು. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡ, ನಿಜ. ಆದರೆ ಹುರುಳಿ ಸಾರಿನಲ್ಲಿ ಕಾಳು ಕಂಡರೆ ಅಗಿಯದೆ ಇರಲು ಅವನಿಂದ ಆಗುತ್ತಿರಲಿಲ್ಲ. ಬಾಯಿಗೆ ಬೆರಳು ಹಾಕಿ ಕಲ್ಲನ್ನು ತೆಗೆದು ತಟ್ಟೆಯ ಅಂಚಿಗಿಟ್ಟ.

"ಕಾಳು ಆರ್ಸಿದ್ದು ಯಾರಮ್ಮಿ?"

"ಇನ್ಯಾರು? ನಿನ್ನ ಸೊಸೆ," ಎಂದಳು ಅವನ ಹೆಂಡತಿ ಪುಟ್ಟಸಿದ್ದಮ್ಮ. "ಕಾರ್ಖಾನೇಲಿ ಗೇಯೋ ಅಂಗೇ ಮನೇಲೂ ಗೇಯ್ತಾಳೆ."

ಸೊಸೆ ಸಣ್ಣತಾಯಮ್ಮ ಒಲೆಯ ಮುಂದಿನಿಂದ ತಿರುಗಿ ನಕ್ಕಳು. "ನಾನೆಲ್ಲಿ ಆರಿಸ್ದೆ ಅತ್ತೆ? ಬೆಳಿಗ್ಗೆ ಜಗಲಿ ಮೇಲೆ ಮೊರ ಇಟ್ಕಂಡು ಕುಂತಿದ್ದೋರು ನೀವಲ್ವಾ?"

"ನಾನು ಆರ್ಸಿದ್ರಲ್ಲಿ ಕಲ್ಲಾ? ನಾಲ್ಗೆ ಮೇಲೆ ನಿಗಾ ಇರ್ಲಿ ಕಣಮ್ಮಿ!"

ಆ ಮಾತಿಗೆ ಯಾರೂ ಎದುರಾಡಲಿಲ್ಲ. ಎದುರಾಡುವಂತೆಯೂ ಇರಲಿಲ್ಲ. ಹುಣಸೂರಿನ ಕಾಫಿ ಕಾರ್ಖಾನೆಯಲ್ಲಿ ಪುಟ್ಟಸಿದ್ದಮ್ಮ ಬೀಜ ಆರಿಸಲು ಕೂತು ಇಪ್ಪತ್ತಾರು ವರ್ಷವಾಗಿತ್ತು. ಆಕೆ ಆರಿಸಿದ್ದರಲ್ಲಿ ಕಲ್ಲಿದೆ ಎಂದರೆ ಲಕ್ಷ್ಮಣತೀರ್ಥದ ಹೊಳೆ ಹಿಂದಕ್ಕೆ ಹರಿಯಿತು ಎಂದ ಹಾಗೆ, ಜನ ನಂಬುತ್ತಿರಲಿಲ್ಲ.

ಕೊಡಗಿನ ಕಡೆಯಿಂದ ಗಾಡಿಗಳಲ್ಲಿ ಬಂದ ಕಾಫಿ, ಯಂತ್ರದಲ್ಲಿ ಸಿಪ್ಪೆ ಕಳೆದುಕೊಂಡು ಹೆಂಗಸರ ಶೆಡ್ಡಿಗೆ ಬರುತ್ತಿತ್ತು. ಅಲ್ಲಿ ಅರವತ್ತು ಜನ ಸಾಲಾಗಿ ಕೂತು, ಮೊರದಲ್ಲಿ ಹರವಿ, ಕರಿಬೀಜ, ಒಡಕಲು, ಕಲ್ಲು ತೆಗೆದು, ಒಳ್ಳೆಯದನ್ನು ಮೂಟೆಗೆ ತುಂಬಬೇಕು. ಒಬ್ಬೊಬ್ಬಳಿಗೂ ಒಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಅವಳ ನಂಬರು. ಮೂಟೆ ತುಂಬಿದ ಮೇಲೆ ಬಿಲ್ಲೆಯನ್ನು ಒಳಗೆ ಹಾಕಿ ಬಾಯಿ ಕಟ್ಟಬೇಕು; ತೂಕವಾದ ಮೇಲೆ ಬಿಲ್ಲೆ ಅವಳ ಕೈಗೆ ವಾಪಸು. ಮೇಸ್ತ್ರಿ ಕಂಠಪ್ಪ ಉಗ್ರಾಣದಲ್ಲಿ ಮೂಟೆ ಬಿಚ್ಚಿ, ಮೊಳಕೈವರೆಗೆ ಕೈ ಇಳಿಸಿ, ಒಂದು ಹಿಡಿ ತೆಗೆದು ಬಿಳಿ ಬಟ್ಟೆಯ ಮೇಲೆ ಹರವುತ್ತಿದ್ದ. ಐದಕ್ಕಿಂತ ಹೆಚ್ಚು ಕರಿಬೀಜ ಕಂಡರೆ ಮೂಟೆಯನ್ನು ಶೆಡ್ಡಿನ ನಡುವಿಗೆ ತರಿಸಿ ಎಲ್ಲರೆದುರು ಸುರಿಸುತ್ತಿದ್ದ. ಇದಕ್ಕೆ ಮೂಟೆ ಮುರಿಯುವುದು ಎಂದು ಹೆಸರು. ಮುರಿಸಿಕೊಂಡವಳು ಕೂಲಿಯಿಲ್ಲದೆ ಎಲ್ಲವನ್ನೂ ಮತ್ತೆ ಆರಿಸಬೇಕು. ಅಷ್ಟು ಹೊತ್ತೂ ಯಾರೂ ಅವಳನ್ನು ಮಾತಾಡಿಸುವಂತಿಲ್ಲ, ನೆರವಿಗೆ ಕೈ ಚಾಚುವಂತಿಲ್ಲ. ಇದು ಕಾರ್ಖಾನೆಯ ದೊರೆ ಮಾಡಿದ ಕಾನೂನು ಎಂದು ಹೆಂಗಸರು ಬೈಯುತ್ತಿದ್ದರು. ದೊರೆ ಮಾಡಿದ್ದು ಮೂಟೆ ಸುರಿಯುವುದನ್ನು ಮಾತ್ರ. ಮಾತಾಡಿಸದಿರುವುದನ್ನು ಮಾಡಿಕೊಂಡವರು ಅವರೇ.

ಇಪ್ಪತ್ತಾರು ವರ್ಷದಲ್ಲಿ ಏಳನೇ ನಂಬರಿನ ಮೂಟೆ ಒಂದು ಸಲವೂ ಮುರಿದಿರಲಿಲ್ಲ. ಕಂಠಪ್ಪ ಅದಕ್ಕೆ ಕೈ ಹಾಕುವುದನ್ನೇ ಬಿಟ್ಟಿದ್ದ. "ಏಳಾ? ತೂಕಕ್ಕೆ ಹಾಕ್ರೋ," ಎಂದುಬಿಡುತ್ತಿದ್ದ. ಆ ಮಾತು ಶೆಡ್ಡಿನವರೆಗೂ ಕೇಳಿಸುತ್ತಿತ್ತು. ಪುಟ್ಟಸಿದ್ದಮ್ಮ ಕೇಳಿಸದವಳ ಹಾಗೆ ಮೊರ ತಟ್ಟುತ್ತಿದ್ದಳು. ಆದರೆ ದಿನವೂ ಆ ಮಾತು ಬರುವವರೆಗೆ ಆಕೆಯ ಕಿವಿ ಉಗ್ರಾಣದ ಬಾಗಿಲಿನಲ್ಲೇ ಇರುತ್ತಿತ್ತು ಎನ್ನುವುದು ಪಕ್ಕದಲ್ಲಿ ಕೂತವರಿಗೆಲ್ಲ ಗೊತ್ತು.

ಪಕ್ಕದಲ್ಲಿ ಕೂರುತ್ತಿದ್ದವಳು ಸಣ್ಣತಾಯಮ್ಮ, ನಲವತ್ತೊಂದನೇ ನಂಬರು. ಇವಳಿಗೆ ಕೆಲಸವೆಂದರೆ ಕೂಲಿ, ಅಷ್ಟೆ. ಎಲೆ ಅಡಿಕೆ ಹಾಕಿಕೊಂಡು, ಆಚೀಚೆಯವರನ್ನು ನಗಿಸುತ್ತ, ನಗುತ್ತ, ಬೇಗ ಮೂಟೆ ತುಂಬಿ ಮನೆಯಲ್ಲಿರುವ ಮೂರು ವರ್ಷದ ಮಗಳ ಹತ್ತಿರ ಓಡುವುದೇ ಅವಳ ಗಡಿಬಿಡಿ. ಹಿಂದಿನ ಎರಡು ವರ್ಷದಲ್ಲಿ ಅವಳ ಮೂಟೆ ಎರಡು ಸಲ ಮುರಿದಿತ್ತು. ನಡುವೆ ಕೂತು ಆರಿಸುವಾಗಲೂ ಅವಳು ತನ್ನಷ್ಟಕ್ಕೆ ತಾನೇ ಏನೋ ಗುನುಗಿಕೊಳ್ಳುತ್ತಿದ್ದಳು. ಅತ್ತೆಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

"ಮಾನ ಮರ್ಯಾದೆ ಇಲ್ವೇನಮ್ಮಿ ನಿಂಗೆ? ಎಲ್ರ ಮುಂದೆ ಸುರುದ್ರೂ ಆಡ್ಕಂಡು ಕುಂತಿದ್ದೀಯಲ್ಲ!"

"ಸುರುದ್ರೆ ಬಾಚ್ಕಂಡ್ರಾಯ್ತು ಅತ್ತೆ. ಕಾಫಿ ತಾನೆ, ತಲೆ ಅಲ್ವಲ್ಲ."

ಇನ್ನು ಮಗ ಚಿಕ್ಕಮಾದಯ್ಯ. ಅವನೂ ಅದೇ ಕಾರ್ಖಾನೆ. ಅಂಗಳದ ಕಣದಲ್ಲಿ ಕಾಫಿ ಹರವಿ ಒಣಗಿಸುವುದು ಅವನ ಕೆಲಸ. ಮೇಸ್ತ್ರಿಯ ಕೊಡೆ ಕಂಡರೆ ಕಾಲು ಆಡುತ್ತಿದ್ದವು, ಕೊಡೆ ಮರೆಯಾದರೆ ಬೀಡಿ ಹೊತ್ತುತ್ತಿತ್ತು. ತಾಯಿ ಬೈದರೆ, "ಅವ್ವ, ದೊರೆ ಒಂದು ದಿನ ಬಿಸ್ಲಲ್ಲಿ ನಿಂತು ತೋರ್ಸ್ಲಿ, ಆಮೇಲೆ ನಾನು ಜೀವ ಬುಟ್ಟು ಗೇಯ್ತೀನಿ," ಎನ್ನುತ್ತಿದ್ದ. ಒಂದೇ ಕಾರ್ಖಾನೆ, ಒಂದೇ ಮುದ್ದೆ, ಮೂರು ಬಗೆಯ ಗೇಮೆ. ಕೊಡಗಿನ ದಾರಿಯಲ್ಲಿ ಮೂವತ್ತು ವರ್ಷ ಗಾಡಿ ಹೊಡೆದು ಈಗ ಮೊಮ್ಮಗಳನ್ನು ನೋಡಿಕೊಂಡಿದ್ದ ಅಂಕಯ್ಯ ಮಾತ್ರ ಯಾರ ಪರವನ್ನೂ ವಹಿಸದೆ ಉಣ್ಣುತ್ತಿದ್ದ.

ಕಲ್ಲು ಸಿಕ್ಕ ಆ ಸಂಜೆ ಪುಟ್ಟಸಿದ್ದಮ್ಮ ತಟ್ಟೆ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿ, ಗಂಡ ತೆಗೆದಿಟ್ಟಿದ್ದ ಕಲ್ಲನ್ನು ಅಂಗೈ ಮೇಲಿಟ್ಟು ನೋಡಿದಳು. ಹುರುಳಿ ಕಾಳಿನ ಹಾಗೇ ಕಂಡಿತು. ಕಣ್ಣಿನ ಹತ್ತಿರಕ್ಕೆ ತಂದಳು. ಆಗಲೂ ಹುರುಳಿ ಕಾಳೇ. ಬೆರಳಲ್ಲಿ ಉಜ್ಜಿದ ಮೇಲೆ ಕಲ್ಲು ಎಂದು ಗೊತ್ತಾಯಿತು. ದೀಪಾವಳಿಯಿಂದ ಹೀಗೇ ಆಗಿತ್ತು. ಕಣ್ಣ ಮುಂದೆ ಹೊಗೆ ಕವಿದ ಹಾಗೆ. ಗಂಡನಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಸೊಸೆಯ ಮೇಲೆ ಸುಳ್ಳು ಹೊರಿಸಿದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾಯಿತೇ ಹೊರತು ಒಳಗೆ ಹೋಗಿ ಹೇಳಲಿಲ್ಲ.

ಸಂಕ್ರಾಂತಿ ಕಳೆದ ವಾರ ಶೆಡ್ಡಿನಲ್ಲಿ ಕಂಠಪ್ಪ ಎಲ್ಲರನ್ನೂ ನಿಲ್ಲಿಸಿ ಹೊಸ ಕಟ್ಟಳೆ ಹೇಳಿದ.

"ವಾದ ವರ್ಸದ ಮಾಲು ಸರಿ ಇಲ್ಲ ಅಂತ ಸಮುದ್ರದಾಚೆಯಿಂದ ಕಾಗ್ದ ಬಂದದೆ. ದೊರೆ ಕೆಂಡ ಆಗವ್ರೆ. ಇನ್ಮೇಲೆ ಎಲ್ಲಾ ಮೂಟೆಗೂ ಕೈ ಹಾಕೋದೇ. ಇವಳು ಅವಳು ಅಂತಿಲ್ಲ. ಮೂರು ಸಲ ಮೂಟೆ ಮುರುದ್ರೆ ನಂಬ್ರು ಹೊಡೆದಾಕಿ ಮನೆಗೆ ಕಳಿಸ್ತೀನಿ. ಹಿಂದೆ ಮುರ್ದಿರೋದೂ ಲೆಕ್ಕವೇ."

"ಏಳನೇ ನಂಬ್ರಿಗೂನಾ ಮೇಸ್ತ್ರಪ್ಪ?" ಯಾರೋ ಕೇಳಿದರು. ಎಲ್ಲರೂ ನಕ್ಕರು.

"ಏಳಕ್ಕೂವೆ. ಅದ್ರಲ್ಲಿ ಸಿಕ್ಕಾಕಿಲ್ಲ ಅಂತ ಗೊತ್ತು, ಆದ್ರೂವೆ."

ಪುಟ್ಟಸಿದ್ದಮ್ಮನೂ ನಕ್ಕಳು. ಹೋದ ವರ್ಷದ ಕೊನೆಯಲ್ಲಿ ಕೈ ಹಾಕದೆ ತೂಕಕ್ಕೆ ಹೋಗಿದ್ದವು ತನ್ನ ಮೂಟೆಗಳು ಮಾತ್ರ ಎನ್ನುವುದು ಆಕೆಗೆ ಆಗಲೇ ಹೊಳೆಯಿತು. ಒಂದು ಸಲ ಮುರಿದರೆ ಆಕೆಯ ನಂಬರೇನೂ ಹೋಗುತ್ತಿರಲಿಲ್ಲ. ಆದರೆ ಶೆಡ್ಡಿನ ನಡುವೆ ಕೂತು, ಅರವತ್ತು ಜನ ಬಾಯಿ ಮುಚ್ಚಿಕೊಂಡು ನೋಡುವಾಗ, ತನ್ನ ಬೀಜವನ್ನು ತಾನೇ ಬಾಚಿಕೊಳ್ಳುವುದನ್ನು ನೆನೆಯುವುದೂ ಆಕೆಗೆ ಆಗುತ್ತಿರಲಿಲ್ಲ.

ಅಂದಿನಿಂದ ಆಕೆ ಬಾಗಿಲ ಬೆಳಕಿಗೆ ಜಾಗ ಬದಲಾಯಿಸಿದಳು. ಗಾಳಿ ಬೇಕು ಎಂದಳು. ಬೀಜಗಳನ್ನು ಕಣ್ಣಿಗಿಂತ ಹೆಚ್ಚಾಗಿ ಹೆಬ್ಬೆರಳಲ್ಲಿ ಆರಿಸಿದಳು. ಒಡಕಲು, ಕಲ್ಲು ಬೆರಳಿಗೆ ಸಿಗುತ್ತಿದ್ದವು. ಕರಿಬೀಜ ಸಿಗುತ್ತಿರಲಿಲ್ಲ, ಕರಿದು ಬಿಳಿದು ಬೆರಳಿಗೆ ಗೊತ್ತಾಗುತ್ತದೆಯೇ? ಅಲ್ಲೂ ಪಕ್ಕಕ್ಕೇ ಬಂದು ಕೂತ ಸಣ್ಣತಾಯಮ್ಮ ಮಾತಾಡುತ್ತ ಮಾತಾಡುತ್ತ ಒಂದೊಂದು ಸಲ ಅತ್ತೆಯ ಮೊರಕ್ಕೆ ಕೈ ಚಾಚಿ ಕರಿಬೀಜವನ್ನು ಚಿಮ್ಮುತ್ತಿದ್ದಳು. "ನಿನ್ನ ಮೊರ ನೋಡ್ಕಳಮ್ಮಿ," ಎಂದು ಅತ್ತೆ ಕೈ ತಳ್ಳುತ್ತಿದ್ದಳು. ಹೀಗೆ ಎರಡು ವಾರ ಸಾಗಿತು.

ಆ ಶನಿವಾರ ಕಾಲವಲ್ಲದ ಕಾಲದಲ್ಲಿ ಮೋಡ ಕವಿದಿತ್ತು. ಮಧ್ಯಾಹ್ನ ಅಂಕಯ್ಯ ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದ. ಮಗುವಿಗೆ ಜ್ವರ, ಮೈ ಸುಡುತ್ತಿತ್ತು. ಸಣ್ಣತಾಯಮ್ಮ ಬೆಳಗಿನಿಂದ ತಲೆಯೆತ್ತದೆ ಗೇಯ್ದು ಆಗಲೇ ಮೂಟೆ ತುಂಬಿದ್ದಳು. ಎರಡು ಸಲ ಮುರಿದವಳಲ್ಲವೆ, ಈಚೆಗೆ ಅವಳಿಗೂ ಹೆದರಿಕೆ ಬಂದಿತ್ತು. ಸೊಂಟದಿಂದ ಬಿಲ್ಲೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು.

"ನಂದೂ ಹಾಕಿ ಬಾಯಿ ಕಟ್ಬುಡಿ ಅತ್ತೆ. ನಾನು ಕೂಸ್ನ ಎತ್ಕಂಡು ಪಂಡಿತ್ರ ತಾವ್ಕೆ ವೋಯ್ತೀನಿ."

"ವೋಗು ವೋಗು. ನಾನ್ ನೋಡ್ಕತೀನಿ."

ಸಂಜೆ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಪುಟ್ಟಸಿದ್ದಮ್ಮನ ಮೂಟೆಯೂ ತುಂಬಿತು. ಅಷ್ಟರಲ್ಲಿ ಮೋಡ ಸರಿದು ಇಳಿಬಿಸಿಲು ಬಾಗಿಲಿಂದ ನೇರವಾಗಿ ಒಳಗೆ ಬಿತ್ತು. ಮೂಟೆಯ ಬಾಯಿ ಎಳೆಯುವಾಗ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದಳು. ಆ ಬೆಳಕಿಗೆ ಕಂಡಿತು: ಒಂದು, ಎರಡು, ಐದು, ಎಂಟು. ಇನ್ನೊಂದು ಹಿಡಿ ತೆಗೆದಳು. ಅದರಲ್ಲೂ ಅಷ್ಟೇ. ಇಡೀ ಮೂಟೆಯನ್ನು ಆರಿಸದೆಯೇ ತುಂಬಿದ್ದಳು ಎಂದರೂ ಆಗುತ್ತಿತ್ತು. ಉಗ್ರಾಣದ ಆಳುಗಳು ಮೂಟೆ ಹೊರಲು ಬರುತ್ತಿದ್ದರು.

ಅಂಗೈಯಲ್ಲಿ ಎರಡು ಬಿಲ್ಲೆ ಇದ್ದವು. ತನ್ನದು ಯಾವುದೆಂದು ತಿಳಿಯಲು ಆಕೆಗೆ ಕಣ್ಣು ಬೇಕಿರಲಿಲ್ಲ. ಚಿಕ್ಕಮಾದಯ್ಯನಿಗೆ ಹಲ್ಲು ಬರುವಾಗ ಅವನನ್ನು ಮಡಿಲಲ್ಲಿ ಹಾಕಿಕೊಂಡೇ ಆಕೆ ಬೀಜ ಆರಿಸುತ್ತಿದ್ದಳು. ಆಗ ಅವನು ಕಚ್ಚಿ ಕಚ್ಚಿ ಏಳನೇ ನಂಬರಿನ ಅಂಚು ತಗ್ಗಾಗಿತ್ತು. ಬೆರಳು ಆ ತಗ್ಗನ್ನು ಹುಡುಕಿತು, ಸಿಕ್ಕಿತು. ಆದ್ದರಿಂದ ಕೈತಪ್ಪಿ ಹೋಯಿತು ಎಂದು ಆಕೆ ಮುಂದೆಂದೂ ತನಗೆ ತಾನೇ ಹೇಳಿಕೊಳ್ಳುವಂತಿರಲಿಲ್ಲ. ಹಲ್ಲಿನ ಗುರುತಿದ್ದ ಬಿಲ್ಲೆಯನ್ನು ಸೊಸೆಯ ಮೂಟೆಗೆ ಹಾಕಿದಳು. ನಲವತ್ತೊಂದನ್ನು ತನ್ನದಕ್ಕೆ ಹಾಕಿದಳು. ಎರಡಕ್ಕೂ ಬಾಯಿ ಕಟ್ಟಿದಳು.

ಸೋಮವಾರ ಬೆಳಿಗ್ಗೆ ಕಂಠಪ್ಪ ಮೂಟೆ ಹೊರಿಸಿಕೊಂಡು ಬಂದು ಶೆಡ್ಡಿನ ನಡುವೆ ಸುರಿಸಿದ.

"ನಲವತ್ತೊಂದು!"

ಸಣ್ಣತಾಯಮ್ಮ ಎದ್ದು ಬಂದು ನೋಡಿದಳು. ಬಗ್ಗಿ ಒಂದು ಹಿಡಿ ಎತ್ತಿದಳು. "ಇದು ನಂದಲ್ಲ ಮೇಸ್ತ್ರಪ್ಪ. ಶನಿವಾರ ನಾನು ಒಂದೊಂದ್ ಕಾಳೂ ನೋಡ್ಕಂಡು ಆರ್ಸಿದ್ದೀನಿ."

"ಬಿಲ್ಲೆ ನಿಂದೇ ತಾನೆ?"

"ಬಿಲ್ಲೆ ನಂದೇ..." ಎನ್ನುತ್ತ ಅವಳು ಅತ್ತೆಯ ಕಡೆ ತಿರುಗಿದಳು. ಅವಳೊಂದಿಗೆ ಅರವತ್ತು ಜನವೂ ತಿರುಗಿದರು. ಪುಟ್ಟಸಿದ್ದಮ್ಮನಿಗೆ ಮುಖಗಳು ಕಾಣುತ್ತಿರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನುವುದು ಮಾತ್ರ ಕಂಡಿತು. ಸುಮ್ಮನಿದ್ದಿದ್ದರೆ ಪಾಪ ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಹೆದರಿದ ಬಾಯಿ ಸುಮ್ಮನಿರುತ್ತದೆಯೇ?

"ಗೇಯೋವಾಗ ನಗಾಡ್ಕಂಡು ಕುಂತ್ರೆ ಇಂಗೇ ಆಗೋದು ಕಣಮ್ಮಿ," ಎಂದಳು. "ಎಷ್ಟು ಸಲ ಯೋಳಿವ್ನಿ ನಿಂಗೆ?"

ಸಣ್ಣತಾಯಮ್ಮ ಕೈಯಲ್ಲಿದ್ದ ಬೀಜವನ್ನು ರಾಶಿಗೆ ಹಾಕಿದಳು. ನಡುವೆ ಕೂತು ಮಧ್ಯಾಹ್ನದವರೆಗೆ ಆ ಮೂಟೆಯನ್ನು ಆರಿಸಿದಳು. ಆ ದಿನ ಅವಳು ಗುನುಗಲಿಲ್ಲ. ಆರಿಸಿ ಮುಗಿದ ಮೇಲೆ ಕಂಠಪ್ಪ ಪುಸ್ತಕದಲ್ಲಿ ಅವಳ ನಂಬರು ಹೊಡೆದುಹಾಕಿದ.

ಮನೆಯಲ್ಲಿ ಕೂಗಾಡಿದವನು ಚಿಕ್ಕಮಾದಯ್ಯ. ಕಣದಲ್ಲಿ ಅವನನ್ನು ಯಾರೋ ಛೇಡಿಸಿದ್ದರು.

"ನನ್ನ ಮಾನ ಕಳ್ದಲ್ಲಮ್ಮಿ! ಅವ್ವನ ಪಕ್ಕದಲ್ಲೇ ಕುಂತ್ಕಂಡು ಗೇಮೆ ಕಲೀದೆ ವೋದಲ್ಲ!"

"ನಿನ್ನ ಗೇಮೆ ನಂಗೊತ್ತು, ಸುಮ್ಕಿರು," ಎಂದಳು ಹೆಂಡತಿ. ಅಷ್ಟೇ.

"ಸಾಕು ಬುಡ್ಲಾ, ಉಣ್ಣು," ಎಂದ ಅಂಕಯ್ಯ. ಪುಟ್ಟಸಿದ್ದಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಸೊಸೆ ಎಂದಿನಂತೆ ಆಕೆಯ ತಟ್ಟೆಗೇ ಮೊದಲು ಸಾರು ಬಿಟ್ಟಳು, ಎಂದಿನಂತೆ ಎಷ್ಟು ಬೇಕೆಂದು ಕೇಳಿದಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಮಗುವಿನ ಜ್ವರ ಇಳಿದ ಮೇಲೆ ಸಣ್ಣತಾಯಮ್ಮ ಬಿಳಿಕೆರೆ ರಸ್ತೆಗೆ ಜಲ್ಲಿ ಒಡೆಯುವ ಕೂಲಿಗೆ ಹೋಗತೊಡಗಿದಳು. ಮೈಸೂರಿನ ಮೋಟಾರುಗಳು ಬಂದ ಮೇಲೆ ಆ ರಸ್ತೆಗೆ ಎಷ್ಟು ಕಲ್ಲು ಹಾಕಿದರೂ ಸಾಲದು. ಸೂರ್ಯ ಹುಟ್ಟುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಟು ಹೊತ್ತು ಮುಳುಗುವಾಗ ಬರುತ್ತಿದ್ದಳು. ಒಂದು ವಾರಕ್ಕೆ ಅವಳ ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಮುದ್ದೆ ಕಟ್ಟುವಾಗ ಹಲ್ಲು ಕಚ್ಚುತ್ತಿದ್ದಳು.

"ನಾನು ಕಟ್ತೀನಿ ಬುಡು ಮಗ," ಎಂದಳು ಪುಟ್ಟಸಿದ್ದಮ್ಮ ಒಂದು ಸಂಜೆ.

"ಬ್ಯಾಡಿ ಅತ್ತೆ. ನೀವು ಗೇಯ್ದು ಬಂದಿದ್ದೀರಿ."

ಮಗ ಎಂದು ಕರೆದದ್ದನ್ನು ಅವಳು ಕೇಳಿಸಿಕೊಂಡಂತೆ ತೋರಲಿಲ್ಲ. ನಗುವುದಂತೂ ಆ ಮನೆಯಲ್ಲಿ ನಿಂತೇಹೋಗಿತ್ತು. ಹಿಂದೆ ಆ ನಗುವಿಗೆ ರೇಗುತ್ತಿದ್ದ ಪುಟ್ಟಸಿದ್ದಮ್ಮ ಈಗ ಅದಕ್ಕಾಗಿ ಕಿವಿಗೊಟ್ಟು ಕೂರುತ್ತಿದ್ದಳು.

ಶಿವರಾತ್ರಿ ಹತ್ತಿರ ಬಂದಾಗ ಕಂಠಪ್ಪ ಶೆಡ್ಡಿಗೆ ಬಂದು ಎಲ್ಲರೆದುರು ಹೇಳಿದ: "ಉಗ್ರಾಣದಲ್ಲಿ ಕೈ ಹಾಕಿ ನೋಡೋಕೆ ನಂಗೊಬ್ಬನಿಗೇ ಆಯ್ತಾ ಇಲ್ಲ. ನಾಳೆಯಿಂದ ಏಳನೇ ನಂಬ್ರು ಸಿದ್ದವ್ವ ನೋಡ್ತಾಳೆ. ಗೇಮೆ ಅಂದ್ರೆ ಸೊಸೆ ಅಂತಲೂ ನೋಡ್ನಿಲ್ಲ ಇವ್ಳು. ಇಂಥೋರು ಬೇಕು ಅಂತ ದೊರೆಗೂ ಯೋಳಿವ್ನಿ."

ಯಾವ ಮಾತಿಗೆ ಆಕೆಗೆ ನೆಲ ಬಿರಿದು ನುಂಗಲಿ ಎನ್ನಿಸಬೇಕೋ ಆ ಮಾತನ್ನೇ ಅವನು ಹೊಗಳಿಕೆಯಾಗಿ ಆಡಿದ. ಬೇಡ ಎನ್ನಬಹುದಾಗಿತ್ತು. ಅನ್ನಲಿಲ್ಲ. ಇನ್ನು ಬೀಜ ಆರಿಸುವ ಕಷ್ಟವಿಲ್ಲ, ಕಣ್ಣಿನ ಗುಟ್ಟು ಹೊರಬೀಳುವುದಿಲ್ಲ ಎಂಬ ಆಸೆ ಒಳಗೇ ಎದ್ದಿತ್ತು. ಅದಕ್ಕೂ ಆಕೆ ಆಮೇಲೆ ನಾಚಿದಳು.

ಮೊದಲ ದಿನ ಎಲ್ಲ ಮೂಟೆಯನ್ನೂ ಸರಿ ಎಂದಳು. ಎರಡನೇ ದಿನವೂ ಎಲ್ಲ ಸರಿ. "ಒಂದೂ ಮುರಿಯಾಕಿಲ್ವಾ ಸಿದ್ದವ್ವ?" ಎಂದು ಕಂಠಪ್ಪ ಹುಬ್ಬೇರಿಸಿದ. ಮೂರನೇ ದಿನ ಆಕೆ ಬಿಳಿ ಬಟ್ಟೆಯ ಮೇಲೆ ಒಂದು ಹಿಡಿ ಹರವಿ, ಕಣ್ಣಿನ ಮಂಜಿನಲ್ಲಿ ಏನೋ ಕಪ್ಪಗೆ ಕಂಡಂತಾಗಿ, "ಇದು ಮುರೀರಿ," ಎಂದುಬಿಟ್ಟಳು.

ಮೂಟೆ ಒಬ್ಬ ವಿಧವೆಯದು. ಗಾವಡಗೆರೆ ಕಡೆಯಿಂದ ಬಂದು ಹುಣಸೂರಿನಲ್ಲಿ ನಿಂತವಳು. ಅವಳಿಗೂ ಎರಡು ಸಲ ಮುರಿದಿತ್ತು, ಇದು ಮೂರನೆಯದು. ಮೂಟೆಯನ್ನು ನಡುವಿಗೆ ತಂದು ಇನ್ನೇನು ಸುರಿಯಬೇಕು, ಅವಳು ಮೂಟೆಯ ಬಾಯಿಗೆ ಕೈ ಅಡ್ಡ ಹಿಡಿದಳು.

"ತಡೀರಿ. ಬಟ್ಟೆ ಇಲ್ಲಿ ತನ್ನಿ. ಅಕ್ಕ, ಎಲ್ಲಿ ಅವೆ ಕರಿಬೀಜ? ತೋರ್ಸು."

ಬಟ್ಟೆಯನ್ನು ಹಿಡಿ ಬೀಜದ ಸಮೇತ ತಂದು ನೆಲದ ಮೇಲೆ ಹರವಿದರು. ಪುಟ್ಟಸಿದ್ದಮ್ಮ ಬಗ್ಗಿದಳು. ಬಿಳಿ ಬಟ್ಟೆ ಕಂಡಿತು. ಬಟ್ಟೆಯ ಮೇಲೆ ಬೂದು ಬಣ್ಣದ ಒಂದು ಹೊಗೆ ಕಂಡಿತು.

"ತೋರ್ಸಕ್ಕ. ಬೆರಳಿಟ್ಟು ತೋರ್ಸು. ಐದೇನು, ಎರಡು ತೋರ್ಸಿದ್ರೆ ನಾನೇ ಎದ್ದೋಯ್ತೀನಿ."

ಆಕೆ ಬೆರಳಿಟ್ಟಳು. ಯಾರೋ ಕಿಸಕ್ಕೆಂದರು. ಬೆರಳ ಕೆಳಗೆ ಒಳ್ಳೆಯ ಬೀಜವಿತ್ತು. ಇನ್ನೊಂದರ ಮೇಲೆ ಇಟ್ಟಳು. ಈ ಸಲ ಯಾರೂ ನಗಲಿಲ್ಲ. ಕಂಠಪ್ಪ ತಾನೇ ಬಗ್ಗಿ ನೋಡಿದ. ಬಟ್ಟೆಯ ಮೇಲೆ ಒಂದೇ ಒಂದು ಕರಿಬೀಜ ಇರಲಿಲ್ಲ.

"ಏನ್ ಸಿದ್ದವ್ವ ಇದು?"

"ನಂಗೆ ಕಾಣಾಕಿಲ್ಲ ಮೇಸ್ತ್ರಪ್ಪ," ಎಂದಳು ಪುಟ್ಟಸಿದ್ದಮ್ಮ. ಒಂದು ಸಲ ಬಾಯಿ ತೆರೆದ ಮೇಲೆ ಮುಚ್ಚಲು ಆಗಲಿಲ್ಲ. "ದೀಪಾವಳಿಯಿಂದ್ಲೂ ಕಾಣಾಕಿಲ್ಲ. ನನ್ ಸೊಸೆ ಮೂಟೆ ಅಂತ ಮುರುದ್ರಲ್ಲ, ಅದು ನಂದು. ಬಿಲ್ಲೆ ಬದ್ಲಾಯ್ಸಿದ್ದು ನಾನು. ಗೊತ್ತಿದ್ದೇ ಬದ್ಲಾಯ್ಸಿದ್ದು."

ಶೆಡ್ಡಿನಲ್ಲಿ ಒಂದು ಮೊರವೂ ಅಲ್ಲಾಡಲಿಲ್ಲ. ಆಕೆ ಇಪ್ಪತ್ತಾರು ವರ್ಷ ಹೆದರಿದ್ದದ್ದು ಇದಕ್ಕೇ, ಈ ಸುಮ್ಮನಿರುವುದಕ್ಕೆ. ಮೂಟೆ ಸುರಿದಿದ್ದರೆ ಬಾಚಿಕೊಳ್ಳಲು ಬೀಜವಾದರೂ ಇರುತ್ತಿತ್ತು.

ಕಂಠಪ್ಪನಿಗೆ ಆಕೆಗಿಂತ ತನ್ನ ಚಿಂತೆ ಹತ್ತಿತು. "ಇದ್ನ ಈಗ್ಯಾಕ್ ಯೋಳ್ದೆ?" ಎಂದು ತಗ್ಗಿದ ದನಿಯಲ್ಲಿ ರೇಗಿದ. "ದೊರೆ ಮುಂದೆ ನಾನು ಏನಂತ ಯೋಳ್ಲಿ? ಹೊಡೆದಾಕಿರೋ ನಲವತ್ತೊಂದ್ನ ಮತ್ತೆ ಬರೆಯಾಕ್ ಆಯ್ತದಾ?"

"ಬರೀಬ್ಯಾಡಿ. ಏಳನ್ನ ಅವ್ಳಿಗೆ ಕೊಡಿ. ನಾನು ನಾಳೆಯಿಂದ ಬರಾಕಿಲ್ಲ."

ಕಂಠಪ್ಪ ಗಡ್ಡ ಕೆರೆದುಕೊಂಡ. ಪುಸ್ತಕದಲ್ಲಿ ಏನನ್ನೂ ತಿದ್ದಬೇಕಾಗಿಲ್ಲ ಎನ್ನುವುದು ಅವನಿಗೆ ಒಪ್ಪಿಗೆಯಾಯಿತು. "ಕಳ್ಸು," ಎಂದ. ಆಕೆಗೆ ಹೋಗಿಬಾ ಎಂದೂ ಹೇಳಲಿಲ್ಲ.

ಸಂಜೆ ಪುಟ್ಟಸಿದ್ದಮ್ಮ ಜಗಲಿಯ ಮೇಲೆ ಕೂತು ಸೊಸೆಯ ದಾರಿ ಕಾದಳು. ಊರಿನ ಬಾಯಿಂದ ಕೇಳುವ ಮೊದಲು ತನ್ನ ಬಾಯಿಂದ ಕೇಳಲಿ ಎಂದು. ಸಣ್ಣತಾಯಮ್ಮ ಮೈತುಂಬ ಕಲ್ಲಿನ ಧೂಳು ಹೊದ್ದು ಬಂದು ಕಾಲು ತೊಳೆಯುತ್ತಿದ್ದಾಗ ಎಲ್ಲವನ್ನೂ ಹೇಳಿದಳು. ಹೇಳಿ, ಬಿಲ್ಲೆಯನ್ನು ಅವಳ ಮುಂದೆ ಇಟ್ಟಳು.

"ನಂಗೆ ಅವತ್ತೇ ಗೊತ್ತಾಯ್ತು," ಎಂದಳು ಸಣ್ಣತಾಯಮ್ಮ. ದನಿ ಏರಲಿಲ್ಲ. "ಬಿಲ್ಲೆ ಕೊಟ್ಟೋಗಿದ್ದು ನಿಮ್ ಕೈಲಿ. ಬ್ಯಾರೆ ಯಾರು ಹಾಕ್ತಾರೆ?"

"ಅಂಗಾದ್ರೆ ಯಾಕಮ್ಮಿ ಬಾಯಿ ಬುಡ್ನಿಲ್ಲ?"

"ಯಾರು ನಂಬೋರು ಅತ್ತೆ? ಏಳನೇ ನಂಬ್ರು ನೀವು. ನಾನು ನಗಾಡೋಳು." ಕಾಲಿಗೆ ಇನ್ನೊಂದು ಚೊಂಬು ನೀರು ಸುರಿದುಕೊಂಡಳು. "ನಿಮ್ ಕಣ್ಣು ಮಂಜಾಗಿರೋದೂ ಗೊತ್ತಿತ್ತು. ಯೋಳಿದ್ರೆ ನಿಮ್ ಪಾಲಿಂದೂ ನಾನೇ ಆರ್ಸ್ತಿದ್ದೆ. ಮೂಟೆ ಬದ್ಲಾಯ್ಸಿದ್ದು ಬುಡಿ, ಹೆದ್ರಿ ಮಾಡಿದ್ರಿ. ಎಲ್ರ ಮುಂದೆ ನಗಾಡ್ಕಂಡು ಕುಂತ್ರೆ ಅಂದ್ರಲ್ಲ, ಅದು ವೋಗಾಕಿಲ್ಲ. ಕಲ್ಲೊಡೆಯೋವಾಗೆಲ್ಲ ಅದೇ ಕೇಳ್ತದೆ."

ಪುಟ್ಟಸಿದ್ದಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಗಲೇ ಒಳಗಿನಿಂದ ಬಂದ ಚಿಕ್ಕಮಾದಯ್ಯ ಬಾಗಿಲಲ್ಲಿ ನಿಂತು, "ನೋಡ್ದಾ ಅವ್ವ? ಕಂಡೋರ ಗೇಮೆಗೆ ಅಷ್ಟೊಂದು ಜೀವ ಬುಟ್ರೆ ಇಂಗೇ," ಎಂದು ತನಗೆ ಬೇಕಾದ ಪಾಠವನ್ನು ಹೆಕ್ಕಿಕೊಂಡ.

"ಮುಚ್ಲಾ ಬಾಯಿ," ಎಂದ ಅಂಕಯ್ಯ. ಆ ಮುದುಕನ ದನಿ ಅಷ್ಟು ಗಡುಸಾಗಿದ್ದನ್ನು ಮನೆಯವರು ಕೇಳಿ ವರ್ಷಗಳಾಗಿದ್ದವು. "ಹೆಂಡ್ತಿ ಕೈ ನೋಡಿದ್ದೀಯಾ ಒಂದಿನ? ಅವ್ಳು ಮಾನ ಕಳೆದ್ಲು ಅಂತ ಕೂಗಿದ್ದೋನು ನೀನಲ್ವಾ?"

ಚಿಕ್ಕಮಾದಯ್ಯ ನೋಡಿದ. ಬಟ್ಟೆ ಸುತ್ತಿದ ಬೆರಳುಗಳನ್ನು ನೋಡಿ, ಕೊಡ ಎತ್ತಿಕೊಂಡು ಬಾವಿಗೆ ಹೋದ. ಅವನು ನೀರು ತಂದದ್ದನ್ನು ಬೀದಿಯವರು ಕಂಡದ್ದು ಅದೇ ಮೊದಲು.

ಪುಟ್ಟಸಿದ್ದಮ್ಮ ಮುಖದ ಸೆರಗು ತೆಗೆದು ಬಿಲ್ಲೆಯನ್ನು ಇನ್ನೊಂದು ಸಲ ಮುಂದೆ ತಳ್ಳಿದಳು. "ಇದ್ನ ಕಟ್ಕೊ ಮಗ. ಇಪ್ಪತ್ತಾರು ವರ್ಸದ ಹೆಸ್ರು ಇದ್ರದ್ದು. ನಾನು ಕೆಡಿಸ್ದೆ. ನೀನು..."

"ಹೆಸ್ರು ಗಿಸ್ರು ನಂಗೆ ಬ್ಯಾಡ ಅತ್ತೆ," ಎಂದಳು ಸಣ್ಣತಾಯಮ್ಮ, ಬಿಲ್ಲೆ ಎತ್ತಿಕೊಳ್ಳುತ್ತ. "ಕೂಲಿ ಬಂದ್ರಾಯ್ತು. ಏಳಾದ್ರೇನು, ನಲವತ್ತೊಂದಾದ್ರೇನು?" ಹಳೆಯ ದಾರವನ್ನು ಕಿತ್ತು ಹಿತ್ತಲಿಗೆ ಎಸೆದು, ಬಿಲ್ಲೆಯನ್ನು ತನ್ನ ದಾರಕ್ಕೆ ಕಟ್ಟಿಕೊಂಡಳು.

ಮಾರನೆಯ ದಿನದಿಂದ ಅವಳು ಕಾರ್ಖಾನೆಗೆ, ಅತ್ತೆ ಮನೆಗೆ. ಮೊಮ್ಮಗಳು, ಕಸ, ಒಲೆ, ಹಿಟ್ಟು. ಬೀದಿಯ ಹೆಂಗಸರು ಗಂಟೆ ಹೊಡೆದಾಗ ಕಾರ್ಖಾನೆಗೆ ಹೋಗುವುದನ್ನು ಕಾಣಬಾರದೆಂದು ಪುಟ್ಟಸಿದ್ದಮ್ಮ ಆ ಹೊತ್ತಿಗೆ ಹಿತ್ತಲಲ್ಲಿರುತ್ತಿದ್ದಳು. ಒಂದು ವಾರ ಕಳೆದು ಒಂದು ದಿನ ಇಡೀ ಮಧ್ಯಾಹ್ನ ಕೂತು ಒಂದು ಮೊರ ಹುರುಳಿಯನ್ನು ಬೆರಳಿನಿಂದ ಆರಿಸಿಟ್ಟಳು.

ಸಂಜೆ ಸಣ್ಣತಾಯಮ್ಮ ಬಂದು ಒಲೆ ಹೊತ್ತಿಸಿದಳು. ಮೊರವನ್ನು ನೋಡಿದಳು. ಏನೋ ನೆನೆದವಳಂತೆ ಒಂದು ಬಿಳಿ ಪಂಚೆಯ ತುಂಡನ್ನು ನೆಲಕ್ಕೆ ಹಾಸಿ, ಒಂದು ಹಿಡಿ ತೆಗೆದು ಹರವಿ, ಬೆರಳಿಟ್ಟು ಕಲ್ಲು ಎಣಿಸಿದಳು.

"ಒಂದು. ಎರಡು. ಮೂರು... ಆರು."

ಮೊರವನ್ನು ಎತ್ತಿ ಬಟ್ಟೆಯ ಮೇಲೆ ಪೂರ್ತಿ ಸುರಿದಳು. ಕಾಳು ಹರಡಿಕೊಂಡವು. ಪುಟ್ಟಸಿದ್ದಮ್ಮನ ಮುಖ ಸುಟ್ಟ ಹಾಗಾಯಿತು.

"ಇನ್ನೊಂದ್ಸಲ ಆರಿಸ್ಬೇಕು ಅತ್ತೆ," ಎಂದಳು ಸೊಸೆ.

ಆಕೆ ಬಟ್ಟೆಯ ಮುಂದೆ ಕೂತು ಆರಿಸತೊಡಗಿದಳು. ಶೆಡ್ಡಿನ ಕಟ್ಟಳೆಯಂತೆ ಯಾರೂ ಮಾತಾಡಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದುರಿಗೆ ಯಾರೋ ಕೂತಂತಾಯಿತು. ಬಟ್ಟೆ ಸುತ್ತಿದ ಎರಡು ಬೆರಳು ಆಕೆಯ ರಾಶಿಯೊಳಗೆ ಬಂದು ಒಂದು ಕಲ್ಲನ್ನು ಆಚೆಗೆ ಚಿಮ್ಮಿದವು. ಈ ಸಲ ಆಕೆ ಕೈ ತಳ್ಳಲಿಲ್ಲ.

ಊಟಕ್ಕೆ ಕೂತಾಗ ಮತ್ತೆ ಕಟಕ್ಕೆಂದಿತು. ಇಬ್ಬರು ಆರಿಸಿದರೂ ಒಂದು ಉಳಿದಿತ್ತು. ಎಲ್ಲರೂ ಅಂಕಯ್ಯನ ಕಡೆ ನೋಡಿದರು. ಅಂಕಯ್ಯ ನನ್ನದಲ್ಲ ಎಂದು ತಲೆಯಾಡಿಸಿದ. ಪುಟ್ಟಸಿದ್ದಮ್ಮ ಬಾಯಿಂದ ಕಲ್ಲನ್ನು ತೆಗೆದು, ಬೆರಳಲ್ಲಿ ಉಜ್ಜಿ ನೋಡಿ, ಎಲ್ಲರಿಗೂ ಕಾಣುವ ಹಾಗೆ ತನ್ನ ತಟ್ಟೆಯ ಅಂಚಿಗಿಟ್ಟಳು.

"ನಾನು ಆರ್ಸಿದ್ದು," ಎಂದಳು.

ಒಲೆಯ ಮುಂದೆ ಸಣ್ಣತಾಯಮ್ಮ ಫಕ್ಕನೆ ನಕ್ಕಳು. ಎಷ್ಟೋ ವಾರದ ಮೇಲೆ ಆ ಮನೆಯಲ್ಲಿ ಕೇಳಿದ ನಗು. ಪುಟ್ಟಸಿದ್ದಮ್ಮ ತಲೆ ಬಗ್ಗಿಸಿಕೊಂಡು ಅದನ್ನು ಪೂರ್ತಿ ಕೇಳಿದಳು, ಆಮೇಲೆ ಇನ್ನೊಂದು ಸೌಟು ಸಾರಿಗೆ ತಟ್ಟೆ ಮುಂದೆ ಮಾಡಿದಳು.